ಡೆನ್ನಿಸ್ ಪಾಟರ್

ಡೆನ್ನಿಸ್ ಕ್ರಿಸ್ಟೋಫರ್ ಜಾರ್ಜ್ ಪಾಟರ್ (೧೭ ಮೇ ೧೯೩೫ – ೭ ಜೂನ್ ೧೯೯೪) ಇಂಗ್ಲೆಂಡಿನ ಟೆಲಿವಿಷನ್ ನಾಟಕಕಾರ, ಚಿತ್ರಕಥೆಗಾರ ಹಾಗೂ ಪತ್ರಕರ್ತ. ಮೂರು ದಶಕಗಳಿಗೂ ಹೆಚ್ಚು ಕಾಲ ಸೋರಿಯಾಸಿಸ್ ಮತ್ತು ಅದಕ್ಕೆ ಸಂಬಂಧಿಸಿದ ಸಂಧಿವಾತದಿಂದ ಬಳಲಿದ ಅವರು, ದೀರ್ಘಕಾಲದ ಚರ್ಮರೋಗವು ಮನಸ್ಸಿನ ಮೇಲೆ ಉಂಟುಮಾಡುವ ಪರಿಣಾಮವನ್ನು 'ದಿ ಸಿಂಗಿಂಗ್ ಡಿಟೆಕ್ಟಿವ್' (೧೯೮೬) ಧಾರಾವಾಹಿಯಲ್ಲಿ ಚಿತ್ರಿಸಿದರು.

ಬಾಲ್ಯ ಮತ್ತು ಶಿಕ್ಷಣ

ಪಾಟರ್ ಗ್ಲೌಸ್ಟರ್‌ಶೈರ್‌ನ ಫಾರೆಸ್ಟ್ ಆಫ್ ಡೀನ್ ಪ್ರದೇಶದ ಬೆರ್ರಿ ಹಿಲ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಕಲ್ಲಿದ್ದಲು ಗಣಿಯ ಕಾರ್ಮಿಕ. ಬಾಲ್ಯದಲ್ಲಿ ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ನಡೆದಿತ್ತೆಂದು ಅವರು ಮುಂದೆ ಬಹಿರಂಗಪಡಿಸಿದರು. ಆಕ್ಸ್‌ಫರ್ಡ್‌ನ ನ್ಯೂ ಕಾಲೇಜಿನಲ್ಲಿ ತತ್ತ್ವಶಾಸ್ತ್ರ, ರಾಜ್ಯಶಾಸ್ತ್ರ ಮತ್ತು ಅರ್ಥಶಾಸ್ತ್ರಗಳನ್ನು ಅಭ್ಯಾಸ ಮಾಡಿದರು. ೧೯೫೯ರಲ್ಲಿ ಮಾರ್ಗರೆಟ್ ಮಾರ್ಗನ್ ಅವರನ್ನು ವಿವಾಹವಾದರು. ದಂಪತಿಗೆ ಮೂವರು ಮಕ್ಕಳು.

ಅನಾರೋಗ್ಯ

೧೯೬೦ರ ದಶಕದ ಆರಂಭದಲ್ಲಿ, ಇಪ್ಪತ್ತರ ಹರೆಯದಲ್ಲಿದ್ದಾಗಲೇ, ರೋಗವು ಕಾಣಿಸಿಕೊಂಡಿತು. ಸೋರಿಯಾಸಿಸ್‌ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯ ಏರುಪೇರಿನಿಂದ ಚರ್ಮದ ಕೋಶಗಳು ಅತಿವೇಗದಲ್ಲಿ ಬೆಳೆದು, ಉರಿಯೂತ ಉಂಟಾಗಿ, ಚರ್ಮವು ಹೊಪ್ಪಳೆಗಳಾಗಿ ಉದುರುತ್ತದೆ. ಇದು ಸಾಂಕ್ರಾಮಿಕವಲ್ಲ. ಕೆಲವು ರೋಗಿಗಳಲ್ಲಿ ಉರಿಯೂತವು ಕೀಲುಗಳಿಗೂ ಹಬ್ಬುತ್ತದೆ. ಪಾಟರ್ ಅವರಿಗೂ ಹೀಗೆಯೇ ಆಯಿತು. ರೋಗ ಉಲ್ಬಣಗೊಂಡಾಗ ಅವರು ಹಾಸಿಗೆ ಹಿಡಿಯುತ್ತಿದ್ದರು, ಹಲವು ಬಾರಿ ಆಸ್ಪತ್ರೆಗೆ ದಾಖಲಾದರು. ಕೈಬೆರಳುಗಳು ವಿಕಾರಗೊಂಡು ಮುಷ್ಟಿಯಂತೆ ಮಡಚಿಕೊಂಡವು. ಆದರೂ ಆ ಕೈಯಿಂದಲೇ ಲೇಖನಿ ಹಿಡಿದು ಬರೆದರು.

೧೯೬೪ರ ಸಾರ್ವತ್ರಿಕ ಚುನಾವಣೆಯಲ್ಲಿ ಪೂರ್ವ ಹರ್ಟ್‌ಫರ್ಡ್‌ಶೈರ್ ಕ್ಷೇತ್ರದಿಂದ ಲೇಬರ್ ಪಕ್ಷದ ಅಭ್ಯರ್ಥಿಯಾಗಿ ಸ್ಪರ್ಧಿಸಿ ಸೋತರು. ಬಳಿಕ ರಾಜಕೀಯವನ್ನು ತೊರೆದು ನಾಟಕರಚನೆಗೆ ತೊಡಗಿದರು. ಮನೆಯಲ್ಲಿ ಒಂಟಿಯಾಗಿ ಕುಳಿತು ಮಾಡಬಹುದಾದ ಈ ವೃತ್ತಿಯು ಅವರ ದೇಹಸ್ಥಿತಿಗೆ ಹೊಂದಿಕೊಂಡಿತು.

ದಿ ಸಿಂಗಿಂಗ್ ಡಿಟೆಕ್ಟಿವ್

೧೯೭೮ರಲ್ಲಿ ಪ್ರಸಾರವಾದ 'ಪೆನ್ನೀಸ್ ಫ್ರಮ್ ಹೆವನ್' ಅವರಿಗೆ ವ್ಯಾಪಕ ಜನಪ್ರಿಯತೆ ತಂದಿತು. ೧೯೮೬ರಲ್ಲಿ ಬಿಬಿಸಿ ಪ್ರಸಾರ ಮಾಡಿದ ಆರು ಕಂತುಗಳ 'ದಿ ಸಿಂಗಿಂಗ್ ಡಿಟೆಕ್ಟಿವ್' ಅವರ ಶ್ರೇಷ್ಠ ಕೃತಿಯೆಂದು ಪರಿಗಣಿತವಾಗಿದೆ. ಕಥಾನಾಯಕ ಫಿಲಿಪ್ ಮಾರ್ಲೋ ಪತ್ತೇದಾರಿ ಕಾದಂಬರಿಕಾರ. ಲೇಖಕನ ರೋಗವೇ ಅವನಿಗೂ ಇದೆ. ಆಸ್ಪತ್ರೆಯ ವಾರ್ಡಿನಲ್ಲಿ ಕದಲಲಾರದೆ ಮಲಗಿರುವ ಅವನ ಹತಾಶೆಯು ಸಿಟ್ಟು, ಸಂಶಯ ಮತ್ತು ಭ್ರಮೆಗಳಾಗಿ ಹೊರಬೀಳುತ್ತದೆ. ಮೊದಲು ಮನೋವೈದ್ಯರನ್ನು ಹೀಯಾಳಿಸುವ ಅವನು, ಬಾಲ್ಯದ ಅಪರಾಧಪ್ರಜ್ಞೆಯನ್ನು ಕ್ರಮೇಣ ಎದುರಿಸಿ, ಕೊನೆಗೆ ಎದ್ದು ನಡೆಯುತ್ತಾನೆ. ಮಾರ್ಲೋ ಪಾತ್ರಕ್ಕಾಗಿ ಮೈಕೆಲ್ ಗ್ಯಾಂಬನ್ ಬಾಫ್ಟಾ ಪ್ರಶಸ್ತಿ ಪಡೆದರು. ಲೇಖಕನ ಅನುಭವಗಳನ್ನು ಬಳಸಿಕೊಂಡಿದ್ದರೂ ಇದು ಆತ್ಮಕಥೆಯಲ್ಲ. ವಾಸ್ತವದಲ್ಲಿ ಪಾಟರ್ ಅವರ ರೋಗವು ಕೊನೆಯವರೆಗೂ ಉಳಿಯಿತು.

ವೈದ್ಯಕೀಯ ಹಿನ್ನೆಲೆ

ಸೋರಿಯಾಸಿಸ್ ಇರುವವರಲ್ಲಿ ಖಿನ್ನತೆ ಮತ್ತು ಆತಂಕಗಳು ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತವೆ. ತುರಿಕೆ, ನೋವು, ನಿದ್ರಾಹೀನತೆ, ನೋಡುವವರ ಅಸಹ್ಯದ ನೋಟ ಮತ್ತು ಅದರಿಂದ ಹುಟ್ಟುವ ಸಂಕೋಚ ಇದಕ್ಕೆ ಕಾರಣಗಳು. ಉರಿಯೂತವನ್ನು ಪ್ರಚೋದಿಸುವ ಸೈಟೊಕೈನ್‌ಗಳು ಮಿದುಳಿನ ಮೇಲೂ ಪ್ರಭಾವ ಬೀರುತ್ತವೆ ಎಂದು ಭಾವಿಸಲಾಗಿದೆ. ಮಾನಸಿಕ ಒತ್ತಡವು ಹಲವರಲ್ಲಿ ಚರ್ಮದ ತೊಂದರೆಯನ್ನು ಉಲ್ಬಣಗೊಳಿಸುವುದರಿಂದ, ಚರ್ಮ ಮತ್ತು ಮನಸ್ಸು ಎರಡಕ್ಕೂ ಚಿಕಿತ್ಸೆ ಅಗತ್ಯವಾಗಬಹುದು.

ನಿಧನ

೧೯೯೪ರ ಫೆಬ್ರವರಿಯಲ್ಲಿ ಪಾಟರ್ ಅವರಿಗೆ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಅದೇ ಏಪ್ರಿಲ್‌ನಲ್ಲಿ ಚಾನೆಲ್ ೪ರಲ್ಲಿ ಪ್ರಸಾರವಾದ ಮೆಲ್ವಿನ್ ಬ್ರ್ಯಾಗ್ ಅವರೊಂದಿಗಿನ ಸಂದರ್ಶನದಲ್ಲಿ, ನೋವು ತಡೆಯಲು ಮಾರ್ಫಿನ್ ಸೇವಿಸುತ್ತಲೇ ಅವರು ಸಾವಿನ ಕುರಿತು ಶಾಂತವಾಗಿ ಮಾತನಾಡಿದರು. ಸ್ತನ ಕ್ಯಾನ್ಸರ್‌ನಿಂದ ಪತ್ನಿ ತೀರಿಕೊಂಡ ಒಂಬತ್ತು ದಿನಗಳ ನಂತರ ಅವರೂ ನಿಧನರಾದರು. ಕೊನೆಯ ತಿಂಗಳುಗಳಲ್ಲಿ ಪೂರ್ಣಗೊಳಿಸಿದ 'ಕ್ಯಾರಿಯೋಕಿ' ಮತ್ತು 'ಕೋಲ್ಡ್ ಲ್ಯಾಜರಸ್' ೧೯೯೬ರಲ್ಲಿ, ಅವರ ಇಚ್ಛೆಯಂತೆ, ಬಿಬಿಸಿ ಹಾಗೂ ಚಾನೆಲ್ ೪ ಎರಡರಲ್ಲೂ ಪ್ರಸಾರವಾದವು.