ನೌಕರರ ನಾಳೆಗೆ ಭದ್ರತೆ: ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಕೊಡುಗೆ

ಹುಲ್ಲಹಳ್ಳಿ: ಕಪಿಲೆಯ ದಡದ ಈ ಹೋಬಳಿ ಕೇಂದ್ರದಲ್ಲಿ ರಾಜ್ಯ ಸರ್ಕಾರದ ಸೇವೆಯಲ್ಲಿರುವ ಕಾಯಂ ನೌಕರರ ವೇತನ ಚೀಟಿಯಲ್ಲಿ ‘ಕೆಜಿಐಡಿ’ ಎಂಬ ಕಡಿತ ತಪ್ಪದೆ ಕಾಣಸಿಗುತ್ತದೆ. ಕರ್ನಾಟಕ ಸರ್ಕಾರಿ ವಿಮಾ ಇಲಾಖೆಗೆ ಸಲ್ಲುವ ಈ ಕಂತಿನ ಮೂಲ 1891ರಲ್ಲಿದೆ. ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದೂ ಅದೇ ವರ್ಷ. ಹತ್ತನೆಯ ಚಾಮರಾಜ ಒಡೆಯರ್ ಅವರ ಆಳ್ವಿಕೆಯ ಆ ದಿನಗಳಲ್ಲಿ ದಿವಾನರಾಗಿದ್ದವರು ಸರ್ ಕೆ. ಶೇಷಾದ್ರಿ ಅಯ್ಯರ್. ಶಿವನಸಮುದ್ರದ ವಿದ್ಯುತ್ತಿಗಾಗಿ ನಾಡು ಅವರನ್ನು ನೆನೆಯುತ್ತದೆ. ಸರ್ಕಾರಿ ನೌಕರರ ಬದುಕಿಗೆ ಅವರ ಕಾಲ ಒದಗಿಸಿದ ಆಸರೆಯನ್ನು ನೆನೆಯುವವರು ವಿರಳ.

ಶೇಷಾದ್ರಿ ಅಯ್ಯರ್ ಜನಿಸಿದ್ದು 1845ರ ಜೂನ್ 1ರಂದು, ಪಾಲಕ್ಕಾಡಿನ ಸೀಮೆಯಲ್ಲಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ ಪದವಿ ಪಡೆದ ಅವರು ಮೊದಲು ಕಲ್ಲಿಕೋಟೆಯ ಕಲೆಕ್ಟರ್ ಕಚೇರಿಯಲ್ಲಿ ಭಾಷಾಂತರಕಾರರಾದರು. 1868ರಲ್ಲೇ ಮೈಸೂರು ಸಂಸ್ಥಾನದ ಸೇವೆಗೆ ಸೇರಿ, ಅಷ್ಟಗ್ರಾಮ ವಿಭಾಗದಲ್ಲಿ ನ್ಯಾಯಾಂಗ ಶಾಖೆಯ ಹೊಣೆ ಹೊತ್ತರು. ಮುಂದೆ ಜಿಲ್ಲಾಡಳಿತ, ನ್ಯಾಯದಾನ ಎರಡರಲ್ಲೂ ನುರಿತರು. ಕಚೇರಿಯ ಕೆಳಹಂತದಿಂದ ಮೇಲೇರಿದ ಅವರಿಗೆ ಸರ್ಕಾರಿ ನೌಕರಿಯ ಒಳಹೊರಗು ಹೊಸದಾಗಿರಲಿಲ್ಲ. ದಿವಾನ್ ರಂಗಾಚಾರ್ಲು 1883ರ ಜನವರಿಯಲ್ಲಿ ನಿಧನರಾದಾಗ ಅವರ ಸ್ಥಾನಕ್ಕೆ ಬಂದ ಶೇಷಾದ್ರಿ ಅಯ್ಯರ್‌ಗೆ ಆಗಿನ್ನೂ 37ರ ಹರೆಯ.

ಸಂಸ್ಥಾನದ ಸ್ಥಿತಿ ಆಗ ಸುಖಕರವಾಗಿರಲಿಲ್ಲ. 1876-78ರ ಭೀಕರ ಕ್ಷಾಮ ಜನರನ್ನೂ ಬೊಕ್ಕಸವನ್ನೂ ಬರಿದು ಮಾಡಿತ್ತು. ಸಾಲದ ಹೊರೆಯೂ ಇತ್ತು. ಖರ್ಚಿನಲ್ಲಿ ಬಿಗಿ ಹಿಡಿತ, ರೈಲು ಮತ್ತು ನೀರಾವರಿಗೆ ಒತ್ತು, ಕೋಲಾರದ ಚಿನ್ನದ ರಾಜಧನ ಇವುಗಳ ಬಲದಿಂದ ಅವರು ಸಂಸ್ಥಾನವನ್ನು ಚೇತರಿಕೆಯತ್ತ ನಡೆಸಿದರು. ಉನ್ನತ ಹುದ್ದೆಗಳಿಗೆ ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ನೇಮಕ ಮಾಡುವ ಪದ್ಧತಿ ಮೈಸೂರಿನಲ್ಲಿ ಬೇರೂರಿದ್ದೂ ಅವರ ಆಡಳಿತದಲ್ಲೇ.

ನೌಕರರ ವಿಮಾ ಯೋಜನೆಯೂ ಈ ಕಾಲದ್ದೇ. ಇಂದಿನಂಥ ಕುಟುಂಬ ಪಿಂಚಣಿ ಆಗ ಇರಲಿಲ್ಲ. ಗುಮಾಸ್ತ ಕಣ್ಣು ಮುಚ್ಚಿದರೆ ಸಂಬಳವೂ ನಿಲ್ಲುತ್ತಿತ್ತು, ಮನೆಯ ಒಲೆಯೂ ಆರುತ್ತಿತ್ತು. ತಿಂಗಳ ಸಂಬಳದಲ್ಲಿ ಒಂದು ಪಾಲು ಹಿಡಿದು, ಸೇವೆಯ ಕೊನೆಗೆ ನೌಕರನಿಗೆ ಅಥವಾ ಅಕಾಲದಲ್ಲಿ ಆತ ತೀರಿಕೊಂಡರೆ ಕುಟುಂಬಕ್ಕೆ ಗೊತ್ತುಪಡಿಸಿದ ಮೊತ್ತ ನೀಡುವುದು ವಿಮೆಯ ತಿರುಳು. ಕಡಿತ ನೌಕರನದು, ಹೊಣೆ ಸರ್ಕಾರದ್ದು. ರಾಜ್ಯಗಳ ಪುನರ್ವಿಂಗಡಣೆಯ ನಂತರ 1958ರ ನಿಯಮಗಳು ಕಡ್ಡಾಯ ವಿಮೆಯನ್ನು ಮುಂದುವರಿಸಿದವು.

ಹಾಗೆಂದು ಶೇಷಾದ್ರಿ ಅಯ್ಯರ್ ಅವರನ್ನು ನೌಕರರ ನಾಯಕ ಎನ್ನಲಾಗದು. ಇಂದಿನಂಥ ನೌಕರರ ಸಂಘಗಳು ಆಗ ಇರಲಿಲ್ಲ. ಅಧಿಕಾರವನ್ನು ತಮ್ಮ ಕೈಯಲ್ಲೇ ಕೇಂದ್ರೀಕರಿಸಿಕೊಂಡ ಕಟ್ಟುನಿಟ್ಟಿನ ಆಡಳಿತಗಾರ ಅವರು. ಮದರಾಸಿನವರಿಗೆ ಹುದ್ದೆಗಳನ್ನು ಧಾರೆಯೆರೆದು ಮೈಸೂರಿಗರನ್ನು ಕಡೆಗಣಿಸಿದರೆಂಬ ದೂರು ಅವರ ಬೆನ್ನು ಬಿಡಲಿಲ್ಲ. ನೌಕರಿ ಯಾರಿಗೆ ಸಲ್ಲಬೇಕು ಎಂಬ ಜಗಳ ಅವರ ನಂತರವೂ ಬೆಳೆದು, 1918ರಲ್ಲಿ ಮಿಲ್ಲರ್ ಸಮಿತಿಯ ನೇಮಕದವರೆಗೆ ಬಂದಿತು. ಆದರೆ ಆಡಳಿತ ನೆಟ್ಟಗಿರಬೇಕಾದರೆ ಅದನ್ನು ನಡೆಸುವವನ ಮನೆಯೂ ನೆಮ್ಮದಿಯಿಂದಿರಬೇಕೆಂಬ ವಿವೇಕ ಆ ವಿಮೆಯಲ್ಲಿ ಅಡಗಿದೆ. ಅದು ದಯೆಯಷ್ಟೇ ಅಲ್ಲ, ರಾಜ್ಯದ ಹಿತವೂ ಹೌದು.

ಈ ವಿವೇಕ ಇಂದು ಮತ್ತೆ ಚರ್ಚೆಗೆ ಬಂದಿದೆ. ಪಿಂಚಣಿ ಔದಾರ್ಯವಲ್ಲ, ಹಕ್ಕು ಎಂದು ಸುಪ್ರೀಂ ಕೋರ್ಟ್ 1982ರ ನಕಾರಾ ಪ್ರಕರಣದಲ್ಲಿ ಸಾರಿತು. ಅದೇ ನ್ಯಾಯಾಲಯ 2003ರಲ್ಲಿ, ತಮಿಳುನಾಡಿನ ನೌಕರರ ಪ್ರಕರಣದಲ್ಲಿ, ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕಿಲ್ಲ ಎಂದಿತು. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದವರಿಗೆ ನಿಶ್ಚಿತ ಪಿಂಚಣಿಯ ಬದಲು ಹೊಸ ಯೋಜನೆ ಬಂತು. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10ರಷ್ಟು ನೌಕರನಿಂದ ಕಡಿತವಾಗುತ್ತದೆ, ಸರ್ಕಾರವೂ ತನ್ನ ಪಾಲು ಕಟ್ಟುತ್ತದೆ. ಕೊನೆಗೆ ಎಷ್ಟು ಸಿಗುವುದೆಂಬುದನ್ನು ಮಾತ್ರ ಮಾರುಕಟ್ಟೆ ತೀರ್ಮಾನಿಸುತ್ತದೆ. 2023ರ ಮಾರ್ಚ್ 1ರಂದು ರಾಜ್ಯದ ನೌಕರರು ಕೆಲಸ ಬಿಟ್ಟು ಹೊರಬಂದಾಗ ವೇತನ ಪರಿಷ್ಕರಣೆಯೊಂದಿಗೆ ಹಳೆಯ ಪಿಂಚಣಿಯೂ ಬೇಡಿಕೆಯಾಗಿತ್ತು. ಶೇ 17ರ ಮಧ್ಯಂತರ ಪರಿಹಾರ ಅಂದೇ ಸಿಕ್ಕಿತು. ಪಿಂಚಣಿ ಪ್ರಶ್ನೆ ಸಮಿತಿಯ ಪಾಲಾಯಿತು. 2006ರ ಏಪ್ರಿಲ್‌ಗೆ ಮೊದಲೇ ಹೊರಟ ಅಧಿಸೂಚನೆಗಳಡಿ ನೇಮಕಗೊಂಡವರಿಗೆ 2024ರ ಜನವರಿಯಲ್ಲಿ ಹಳೆಯ ಯೋಜನೆಯ ದಾರಿ ತೆರೆಯಿತು.

ಶೇಷಾದ್ರಿ ಅಯ್ಯರ್ ಅನಾರೋಗ್ಯದಿಂದ ಅಧಿಕಾರ ತ್ಯಜಿಸಿ, 1901ರ ಸೆಪ್ಟೆಂಬರ್ 13ರಂದು ನಿಧನರಾದರು. ಶಿವನಸಮುದ್ರದ ವಿದ್ಯುತ್ ಕೋಲಾರದ ಗಣಿ ತಲುಪಿದ್ದು ಮರುವರ್ಷ. ಅದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. ಅವರ ಪ್ರತಿಮೆ ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿದೆ. ಅವರ ಕಾಲದ ಇನ್ನೊಂದು ಗುರುತು 2006ರ ನಂತರ ಸೇರಿದ ನೌಕರನ ವೇತನ ಚೀಟಿಯಲ್ಲಿದೆ. ಅಲ್ಲಿ ಎರಡು ಕಡಿತಗಳು ಒಂದರ ಕೆಳಗೊಂದು ಬರುತ್ತವೆ. ಒಂದಕ್ಕೆ ಸರ್ಕಾರ ಮಾತು ಕೊಟ್ಟಿದೆ. ಇನ್ನೊಂದಕ್ಕೂ ಅಂಥದೇ ಮಾತು ಬೇಕೆಂಬುದು ನೌಕರರ ಬೇಡಿಕೆ.