ಹಂಗಿಲ್ಲದ ಬದುಕು: ಕಮಲಾದೇವಿ ಚಟ್ಟೋಪಾಧ್ಯಾಯ

ಸಮಾಜಕಾರ್ಯದ ಸ್ನಾತಕೋತ್ತರ ಅಧ್ಯಯನಕ್ಕೆಂದೇ ಮೀಸಲಾದ ಭಾರತದ ಮೊದಲ ಸಂಸ್ಥೆ, ಸರ್ ದೊರಾಬ್ಜಿ ಟಾಟಾ ಅವರ ಹೆಸರಿನಲ್ಲಿ, ಮುಂಬಯಿಯಲ್ಲಿ ಆರಂಭವಾದುದು 1936ರಲ್ಲಿ. ಅದಕ್ಕೂ ದಶಕಕ್ಕಿಂತ ಮೊದಲೇ ಸಮಾಜವನ್ನು ಶಾಸ್ತ್ರವಾಗಿ ಅರಿಯಲು ಲಂಡನ್ನಿಗೆ ಹೋದವರು ಕನ್ನಡ ಕರಾವಳಿಯ ಕಮಲಾದೇವಿ.

1903ರ ಏಪ್ರಿಲ್ 3ರಂದು ಮಂಗಳೂರಿನ ಸಾರಸ್ವತ ಮನೆತನದಲ್ಲಿ ಅವರ ಜನನ. ತಂದೆ ಅನಂತಯ್ಯ ಧಾರೇಶ್ವರರು ಸರ್ಕಾರಿ ಅಧಿಕಾರಿ. ಮಗಳಿಗೆ ಏಳು ವರ್ಷವಿದ್ದಾಗ ಅವರು ಮರಣಪತ್ರ ಬರೆಯದೆ ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಅವರ ಮೊದಲ ಹೆಂಡತಿಯ ಮಗನ ಪಾಲಾಯಿತು; ತಾಯಿ ಗಿರಿಜಾಬಾಯಿಗೆ ಉಳಿದುದು ಮಾಸಾಶನ ಮಾತ್ರ. ಆಕೆ ಅದನ್ನು ನಿರಾಕರಿಸಿ, ತವರಿನಿಂದ ಬಂದ ಸ್ತ್ರೀಧನದಲ್ಲಿಯೇ ಸಂಸಾರ ಸಾಗಿಸಿದರು. ಹಂಗಿನ ಅನ್ನಕ್ಕೆ ಒಲ್ಲೆನೆಂಬ ಈ ಹಟ ಮಗಳ ಬಾಳಿನಲ್ಲಿಯೂ ಮುಂದುವರಿಯಿತು.

ಹದಿನಾಲ್ಕರ ಹರೆಯದಲ್ಲಿ ಮದುವೆಯಾದ ಕಮಲಾದೇವಿ ಎರಡು ವರ್ಷಗಳಲ್ಲಿಯೇ ವಿಧವೆಯಾದರು. ಆದರೆ ಓದನ್ನು ಕೈಬಿಡಲಿಲ್ಲ. ಮದರಾಸಿನ ಕ್ವೀನ್ ಮೇರಿ ಕಾಲೇಜನ್ನು ಸೇರಿದರು. ಅಲ್ಲಿ ಹೈದರಾಬಾದಿನ ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಯಿತು. ವಿಧವಾ ವಿವಾಹವನ್ನು ಒಪ್ಪದ ಸಮಾಜದ ಎದುರಿನಲ್ಲಿಯೇ ಅವರನ್ನು ವರಿಸಿದರು. ಬಳಿಕ ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಡಿಪ್ಲೊಮಾ ಅಧ್ಯಯನ ಮಾಡಿದರು. ಗಾಂಧೀಜಿಯವರ ಅಸಹಕಾರ ಚಳವಳಿಯ ವಾರ್ತೆ ಅವರನ್ನು ತಾಯ್ನಾಡಿಗೆ ಕರೆತಂದಿತು, ಸೇವಾದಳವನ್ನು ಸೇರಿದರು. 1926ರಲ್ಲಿ ಮದರಾಸು ಪ್ರಾಂತದ ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಮತಗಳಿಂದ ಸೋತರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡರು.

ಅವರ ವಿದ್ಯೆಯ ನಿಜವಾದ ಪರೀಕ್ಷೆ ದೇಶವಿಭಜನೆಯ ತರುವಾಯ ನಡೆಯಿತು. ನೆಲೆ ಕಳೆದುಕೊಂಡು ಬಂದವರಿಗೆ ಅನ್ನ, ಬಟ್ಟೆ ಹಂಚುವುದು ಮೊದಲ ಅಗತ್ಯವೇ ಹೌದು. ಆದರೆ ಅದಷ್ಟೇ ಆದರೆ ನಿರಾಶ್ರಿತನು ಎಂದೆಂದಿಗೂ ಕೈಯೊಡ್ಡಿಯೇ ನಿಲ್ಲಬೇಕಾಗುತ್ತದೆ. ಆದುದರಿಂದ ಕಮಲಾದೇವಿ 1948ರಲ್ಲಿ ಭಾರತೀಯ ಸಹಕಾರಿ ಒಕ್ಕೂಟವನ್ನು ಕಟ್ಟಿದರು. ದೆಹಲಿಯ ಸಮೀಪದ ಫರೀದಾಬಾದಿನಲ್ಲಿ, ವಾಯವ್ಯ ಗಡಿಪ್ರಾಂತದಿಂದ ಬಂದ ಸಾವಿರಾರು ಜನರ ಪುನರ್ವಸತಿಗೆ ಸಹಕಾರವೇ ಅವರ ದಾರಿಯಾಯಿತು.

1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತ ಮೇಲೆ ಕಮಲಾದೇವಿಯವರ ದೃಷ್ಟಿ ಹಳ್ಳಿಯ ಕುಶಲಕರ್ಮಿಯ ಮೇಲೆ ನೆಟ್ಟಿತು. ಅವರು ಎತ್ತಿದ ಪ್ರಶ್ನೆ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ವಿದ್ಯಾರ್ಥಿಗಳಿಗೆ ದೂರದ್ದಲ್ಲ. 1956ರವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದ ಗದ್ವಾಲದಲ್ಲಿ ಹತ್ತಿಯ ಒಡಲಿಗೆ ರೇಷ್ಮೆಯ ಅಂಚು, ಸೆರಗು ಕೂಡಿಸಿ ಸೀರೆ ನೇಯುತ್ತಾರೆ. ನಾರಾಯಣಪೇಟೆಯ ಸೀರೆ ಮಹಾರಾಷ್ಟ್ರದ ಮನೆಗಳಲ್ಲಿಯೂ ಮನ್ನಣೆ ಪಡೆದಿದೆ. ಸೀರೆಗೆ ಸಿಕ್ಕ ಮನ್ನಣೆ ನೇಕಾರನ ಕೂಲಿಯಲ್ಲಿ ಕಾಣದಿದ್ದರೆ, ಮಗ್ಗವನ್ನು ಮುಂದಿನ ಪೀಳಿಗೆ ಮುಟ್ಟುವುದಿಲ್ಲ.

1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಕಮಲಾದೇವಿಯವರಿಗೆ ಸಂದವು. 1988ರ ಅಕ್ಟೋಬರ್ 29ರಂದು ಅವರು ನಿಧನರಾದರು. ಸಮಾಜಕಾರ್ಯದ ಪದವಿಯನ್ನು ಅರಸಿ ಹೊರಡುವ ಕನ್ನಡ ವಿದ್ಯಾರ್ಥಿಗೆ ಅವರ ಬಾಳು ಒಂದು ಒರೆಗಲ್ಲು: ನೆರವು ಪಡೆದವನು ಮತ್ತೆ ನೆರವು ಬೇಡದಂತೆ ನಿಲ್ಲಬಲ್ಲನೇ ಎಂಬುದೇ ಆ ವಿದ್ಯೆಯ ಬೆಲೆ.