ತಟ್ಟೆಯ ಅನ್ನ ಎಲ್ಲಿಂದ ಬಂತೆಂದು ಕೇಳಿದ ಅರಸಿ: ಹಂಗೇರಿಯ ಸಂತ ಎಲಿಜಬೆತ್

ಪ್ರತಿ ವರ್ಷ ನವೆಂಬರ್ 17ರಂದು ಧರ್ಮಸಭೆಯು ಹಂಗೇರಿಯ ಸಂತ ಎಲಿಜಬೆತ್ ಅವರನ್ನು ಸ್ಮರಿಸುತ್ತದೆ. ಆ ಹೊತ್ತಿಗೆ ನಮ್ಮ ನಾವುಂದದ ಆಸುಪಾಸಿನ ಗದ್ದೆಗಳಲ್ಲಿ ಮಳೆಗಾಲದ ಬೆಳೆಯ ಕೊಯ್ಲು ಮುಗಿದಿರುತ್ತದೆ. ಸೆಪ್ಟೆಂಬರ್ 8ರ ತೆನೆಹಬ್ಬದಂದು ಮಾತೆ ಮರಿಯಮ್ಮನವರಿಗೆ ಹೂವು ಅರ್ಪಿಸಿ, ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಹೊಸ ಅಕ್ಕಿಯ ಊಟ ಮಾಡುವವರು ನಾವು. ಅನ್ನದ ಬೆಲೆ ನಮಗೆ ಗೊತ್ತು. ಅದೇ ಅನ್ನದ ವಿಷಯದಲ್ಲಿ ಒಂದು ಕಠಿಣ ನಿಯಮವನ್ನು ಪಾಲಿಸಿದ ಈ ಸಂತರ ಜೀವನವನ್ನು ಸಂಕ್ಷಿಪ್ತವಾಗಿ ಓದುಗರ ಮುಂದಿಡುತ್ತಿದ್ದೇವೆ.

ಎಲಿಜಬೆತ್ ಹುಟ್ಟಿದ್ದು 1207ರಲ್ಲಿ. ತಂದೆ ಹಂಗೇರಿಯ ಅರಸ ಎರಡನೇ ಆಂದ್ರೆ, ತಾಯಿ ಗೆರ್ಟ್ರೂಡ್. ಆ ಕಾಲದ ಅರಮನೆಗಳಲ್ಲಿ ಮದುವೆ ಎಂದರೆ ರಾಜ್ಯ ರಾಜ್ಯಗಳ ನಡುವಿನ ಒಪ್ಪಂದ. ಹೀಗಾಗಿ ಕೇವಲ 4 ವರ್ಷದ ಮಗುವನ್ನು 1211ರಲ್ಲಿ ಜರ್ಮನಿಯ ತುರಿಂಗಿಯಾ ಅರಸು ಮನೆತನಕ್ಕೆ ಸೊಸೆಯಾಗಲೆಂದು ಕಳುಹಿಸಿಕೊಡಲಾಯಿತು. ಅಲ್ಲಿ ಬೆಳೆಯುತ್ತಿರುವಾಗಲೇ 1213ರಲ್ಲಿ ಊರಿನಲ್ಲಿ ತಾಯಿಯ ಕೊಲೆಯಾಯಿತು. ಪರರ ನಾಡಿನಲ್ಲಿ, ತಾಯಿಯಿಲ್ಲದೆ ಬೆಳೆದ ಬಾಲಕಿ ಎಲಿಜಬೆತ್.

1221ರಲ್ಲಿ, 14ನೇ ವಯಸ್ಸಿನಲ್ಲಿ, ತುರಿಂಗಿಯಾದ ಅರಸ ಲುಡ್ವಿಗ್ ಅವರೊಂದಿಗೆ ವಿವಾಹ ನೆರವೇರಿತು. ಹಿರಿಯರು ನಿಶ್ಚಯಿಸಿದ ಮದುವೆಯಾದರೂ ಗಂಡ ಹೆಂಡತಿ ನಿಜವಾದ ಪ್ರೀತಿಯಿಂದ ಬಾಳಿದರು. ಹೆರ್ಮನ್, ಸೋಫಿಯಾ, ಗೆರ್ಟ್ರೂಡ್ ಎಂಬ ಮೂವರು ಮಕ್ಕಳಾದರು. ಐಸೆನಾಖ್ ಪಟ್ಟಣದ ಮೇಲಿನ ಗುಡ್ಡದಲ್ಲಿರುವ ವಾರ್ಟ್‌ಬುರ್ಗ್ ಕೋಟೆ ಇವರ ಮನೆಯಾಗಿತ್ತು.

ಸಂತ ಎಲಿಜಬೆತ್ ಎಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಸೆರಗಿನಲ್ಲಿ ಮುಚ್ಚಿಕೊಂಡು ಹೋದ ರೊಟ್ಟಿ ಗುಲಾಬಿ ಹೂವಾದ ಕಥೆ. ಅದು ನಂತರದ ಕಾಲದಲ್ಲಿ ಸೇರಿಕೊಂಡ ದಂತಕಥೆ. ಆದರೆ ಇವರ ಜೊತೆಗೇ ಬಾಳಿದ ನಾಲ್ವರು ಸೇವಕಿಯರು ಮರಣಾನಂತರ ಧರ್ಮಸಭೆಯ ವಿಚಾರಣೆಯಲ್ಲಿ ಕೊಟ್ಟ ಸಾಕ್ಷ್ಯ ಇಂದಿಗೂ ಉಳಿದಿದೆ. ಅದರಲ್ಲಿ ಹೂವಿನ ಪವಾಡಕ್ಕಿಂತ ದೊಡ್ಡ ಸಂಗತಿಯಿದೆ.

ಆಧ್ಯಾತ್ಮಿಕ ಗುರುಗಳಾಗಿದ್ದ ಮಾರ್‌ಬುರ್ಗಿನ ಕೊನ್ರಾಡ್ ಅವರ ಅಪ್ಪಣೆಯಂತೆ, ಬಡ ರೈತರಿಂದ ಬಲವಂತವಾಗಿ ಕಿತ್ತುಕೊಂಡ ಯಾವ ಆಹಾರವನ್ನೂ ಎಲಿಜಬೆತ್ ಮುಟ್ಟುತ್ತಿರಲಿಲ್ಲ. ಅರಮನೆಯ ಊಟದ ಮೇಜಿನಲ್ಲಿ ಬಗೆಬಗೆಯ ಭಕ್ಷ್ಯಗಳಿದ್ದರೂ, ಇದು ಎಲ್ಲಿಂದ ಬಂತು, ಗಂಡನ ನ್ಯಾಯವಾದ ಜಮೀನಿನದೋ ಅಥವಾ ಯಾರದೋ ಕಣ್ಣೀರಿನದೋ ಎಂದು ವಿಚಾರಿಸುತ್ತಿದ್ದರು. ಸಂಶಯವಿದ್ದರೆ, ತಿಂದವರಂತೆ ನಟಿಸಿ ಹಸಿದೇ ಏಳುತ್ತಿದ್ದರು. ತಿನ್ನುವುದೂ ಕುಡಿಯುವುದೂ ಎರಡೂ ನ್ಯಾಯದ್ದೆಂದು ತಿಳಿದ ದಿನ ಮಗುವಿನಂತೆ ಚಪ್ಪಾಳೆ ತಟ್ಟಿ ಸಂತೋಷಪಡುತ್ತಿದ್ದರು. ಲುಡ್ವಿಗ್ ಇದಕ್ಕೆ ಅಡ್ಡಿಪಡಿಸಲಿಲ್ಲ. ಮನೆಯವರ ಮಾತಿಗೆ ಅಂಜದಿದ್ದರೆ ತಾವೂ ಹಾಗೆಯೇ ನಡೆಯುತ್ತಿದ್ದೆವೆಂದು ಒಪ್ಪಿಕೊಂಡಿದ್ದರು.

1226ರಲ್ಲಿ ನಾಡಿಗೆ ಭೀಕರ ಬರಗಾಲ ಬಂತು. ಆಗ ಲುಡ್ವಿಗ್ ಚಕ್ರವರ್ತಿಯ ಕೆಲಸದ ಮೇಲೆ ಇಟಲಿಯಲ್ಲಿದ್ದರು. ಎಲಿಜಬೆತ್ ಅರಮನೆಯ ಕಣಜ ತೆರೆಸಿ ಧಾನ್ಯ ಹಂಚಿದರು. ಕೋಟೆಯ ಬುಡದಲ್ಲಿ ಆಸ್ಪತ್ರೆ ತೆರೆದು ರೋಗಿಗಳ ಆರೈಕೆಯನ್ನು ತಮ್ಮ ಕೈಯಾರೆ ಮಾಡಿದರು. ಹೊಸ ಬೆಳೆ ಬಂದಾಗ, ದುಡಿಯಲು ಶಕ್ತಿಯಿದ್ದವರಿಗೆ ಅಂಗಿ, ಚಪ್ಪಲಿ ಮತ್ತು ಕೊಯ್ಯಲು ಕತ್ತಿ ಕೊಟ್ಟು ಗದ್ದೆಗೆ ಕಳುಹಿಸಿದರು. ಹಸಿದಾಗ ಅನ್ನ, ಕೆಲಸದ ಕಾಲಕ್ಕೆ ಕತ್ತಿ. ಬಡವರು ಸದಾ ಕೈಚಾಚಿ ನಿಲ್ಲಬೇಕೆಂದು ಈ ಅರಸಿ ಬಯಸಲಿಲ್ಲ.

ಸುಖದ ದಿನಗಳು ಬಹಳ ಕಾಲ ಉಳಿಯಲಿಲ್ಲ. ಧರ್ಮಯುದ್ಧಕ್ಕೆ ಹೊರಟ ಲುಡ್ವಿಗ್ 1227ರ ಸೆಪ್ಟೆಂಬರ್ 11ರಂದು ಇಟಲಿಯ ಒತ್ರಾಂತೊ ಬಂದರಿನಲ್ಲಿ ಜ್ವರದಿಂದ ತೀರಿಕೊಂಡರು. ಅದಾಗಿ ಕೆಲವೇ ದಿನಗಳಲ್ಲಿ ಮೂರನೇ ಮಗು ಹುಟ್ಟಿತು. 20 ವರ್ಷಕ್ಕೇ ಎಲಿಜಬೆತ್ ವಿಧವೆ. ಮೈದುನ ಹೈನ್‌ರಿಖ್ ರಾಸ್ಪೆಯ ಕೈಗೆ ಆಡಳಿತ ಹೋಯಿತು. ಆ ಚಳಿಗಾಲದಲ್ಲಿ ಎಲಿಜಬೆತ್ ಕೋಟೆ ಬಿಟ್ಟರು. ಹೊರಗೆ ಹಾಕಲಾಯಿತೆಂದು ಕೆಲವರೂ, ಅನ್ಯಾಯದ ಊಟ ಉಣ್ಣಲೊಪ್ಪದೆ ತಾವಾಗಿಯೇ ಹೊರಟರೆಂದು ಕೆಲವರೂ ಬರೆಯುತ್ತಾರೆ. ಹಿಂದೆ ಇವರಿಂದ ಸಹಾಯ ಪಡೆದ ಪಟ್ಟಣದಲ್ಲೇ ತಂಗಲು ಒಳ್ಳೆಯ ಜಾಗ ಸಿಗದೆ ಕಷ್ಟಪಟ್ಟರು.

ಬಾಂಬೆರ್ಗಿನ ಬಿಷಪರಾಗಿದ್ದ ಸೋದರಮಾವ ಎಕ್‌ಬೆರ್ಟ್ ಮರುಮದುವೆಗೆ ಒತ್ತಾಯಿಸಿದರೂ ಎಲಿಜಬೆತ್ ಒಪ್ಪಲಿಲ್ಲ. 1228ರ ಶುಭ ಶುಕ್ರವಾರದಂದು ಐಸೆನಾಖ್‌ನ ಫ್ರಾನ್ಸಿಸ್ಕನ್ ಪ್ರಾರ್ಥನಾಲಯದಲ್ಲಿ ಲೋಕದ ವೈಭವವನ್ನು ತ್ಯಜಿಸಿದರು. ವಿಧವೆಯ ಪಾಲಾಗಿ ಬಂದ ಹಣದಿಂದ ಮಾರ್‌ಬುರ್ಗಿನಲ್ಲಿ ಆಸ್ಪತ್ರೆ ಕಟ್ಟಿಸಿ, ಅದೇ ವರ್ಷ ಸಂತರೆಂದು ಘೋಷಿತರಾದ ಅಸ್ಸಿಸಿಯ ಫ್ರಾನ್ಸಿಸರ ಹೆಸರಿಟ್ಟರು. ಬೂದು ಬಣ್ಣದ ಒರಟು ಬಟ್ಟೆ ಉಟ್ಟು, ರೋಗಿಗಳನ್ನು ಸ್ನಾನ ಮಾಡಿಸಿ, ಉಣ್ಣೆ ನೂತು ಕೂಲಿ ಪಡೆದು ಬದುಕಿದರು.

ಈ ದಾರಿಯಲ್ಲಿ ನೋವು ಬಹಳವಿತ್ತು ಎಂಬುದನ್ನು ನಾವು ಮರೆಮಾಚಬಾರದು. ಪುಟ್ಟ ಮಕ್ಕಳನ್ನು ಬೇರೆಯವರ ಪಾಲನೆಗೆ ಒಪ್ಪಿಸಬೇಕಾಯಿತು. ಗುರು ಕೊನ್ರಾಡ್ ಅತಿ ಕಠೋರರಾಗಿದ್ದರು; ಹೊಡೆಸಿದರು, ಬಾಲ್ಯದಿಂದ ಜೊತೆಗಿದ್ದ ಗೆಳತಿ ಗುಡಾಳನ್ನೂ ದೂರ ಕಳುಹಿಸಿದರು. ಆ ಕಠೋರತೆಯನ್ನು ಇಂದು ಯಾರೂ ಮಾದರಿಯಾಗಿ ತೆಗೆದುಕೊಳ್ಳಬೇಕಾಗಿಲ್ಲ. ಎಲಿಜಬೆತ್ ಸಂತರಾದದ್ದು ಪೆಟ್ಟು ತಿಂದದ್ದಕ್ಕಲ್ಲ, ಪೆಟ್ಟಿನ ನಡುವೆಯೂ ಪ್ರೀತಿ ಆರದೆ ಉಳಿದದ್ದಕ್ಕೆ.

1231ರ ನವೆಂಬರ್ 17ರಂದು, ಕೇವಲ 24ನೇ ವಯಸ್ಸಿನಲ್ಲಿ, ಎಲಿಜಬೆತ್ ದೈವಾಧೀನರಾದರು. ನಾಲ್ಕೇ ವರ್ಷಗಳಲ್ಲಿ, 1235ರಲ್ಲಿ, ಪೋಪ್ ಒಂಬತ್ತನೇ ಗ್ರೆಗರಿಯವರು ಸಂತ ಪದವಿ ನೀಡಿದರು. ಇಂದು ಇವರು ಗೃಹಸ್ಥ ಫ್ರಾನ್ಸಿಸ್ಕನರ ಪಾಲಕರು.

ಪ್ರಿಯ ಓದುಗರೇ, ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ದೋಣಿಯ ದುಡಿಮೆ ನಂಬಿದ ಮನೆಗಳಿಗೆ ಅದು ಸಾಲದ ಕಾಲ. ಅಂಥ ಹೊತ್ತಿನಲ್ಲಿ ಅಕ್ಕಿ, ಬೇಳೆ ಹಂಚುವುದು ಒಳ್ಳೆಯದೇ. ಆದರೆ ಸಂತ ಎಲಿಜಬೆತ್ ನಮ್ಮಿಂದ ಇನ್ನೊಂದು ಪ್ರಶ್ನೆ ಕೇಳುತ್ತಾರೆ. ನಮ್ಮ ಮನೆ ಕೆಲಸದವರಿಗೆ, ತೋಟದ ಆಳುಗಳಿಗೆ, ಮೀನು ಹೊತ್ತು ಮಾರುವ ಅಮ್ಮನಿಗೆ ಸಲ್ಲಬೇಕಾದ್ದು ಪೂರ್ತಿ ಸಂದಿದೆಯೇ? ಅವರ ಪಾಲನ್ನು ಉಳಿಸಿಕೊಂಡು, ಅದರಲ್ಲೇ ಸ್ವಲ್ಪ ದಾನ ಕೊಟ್ಟರೆ ಅದು ದಾನವಾಗುವುದಿಲ್ಲ.

ಈ ಹಬ್ಬದ ದಿನ ಬಲಿಪೂಜೆಯಿಂದ ಮನೆಗೆ ಹಿಂತಿರುಗಿ ಊಟಕ್ಕೆ ಕುಳಿತಾಗ, ಪ್ರಾರ್ಥನೆ ಹೇಳುವ ಮುನ್ನ ನಾವೂ ಒಂದು ಗಳಿಗೆ ತಟ್ಟೆಯ ಕಡೆ ನೋಡೋಣ. ಯಾರಿಗಾದರೂ ಕೊಡಬೇಕಾದ ಬಾಕಿ ನೆನಪಾದರೆ ಅಂದೇ ಕೊಟ್ಟುಬಿಡೋಣ. ಸಂತ ಎಲಿಜಬೆತ್ ನಮಗಾಗಿ ಪ್ರಾರ್ಥಿಸಲಿ.